ಅಟ್ಟದ ಮೇಲಿನ ವೈರು: ಮನೆಯವರೇ ಮಾಡಿಕೊಳ್ಳುವ ಕರೆಂಟ್ ಕೆಲಸ

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಯವರು ತಾವೇ ಕೈಹಾಕುವ ಕರೆಂಟ್ ಕೆಲಸಕ್ಕೂ ಅಟ್ಟಕ್ಕೂ ಬಿಡದ ನಂಟು. ಇಲ್ಲಿ ಅಟ್ಟವೆಂದರೆ ಅಡುಗೆಮನೆ, ಮಲಗುವ ಕೋಣೆ, ಬಚ್ಚಲುಮನೆಗಳಲ್ಲಿ ಬಾಗಿಲಿನ ನೆತ್ತಿಯ ಮಟ್ಟಕ್ಕೆ, ಸುಮಾರು ಏಳಡಿ ಎತ್ತರದಲ್ಲಿ, ಗೋಡೆಯಿಂದ ಎರಡಡಿ ಮುಂದಕ್ಕೆ ಚಾಚಿದ ಕಾಂಕ್ರೀಟ್ ಹಲಗೆ. ಲಾಫ್ಟ್ ಎನ್ನುವವರೂ ಉಂಟು, ಸಜ್ಜಾ ಎನ್ನುವವರೂ ಉಂಟು. 1948ರಲ್ಲಿ ಶುರುವಾದ ಜಯನಗರದಲ್ಲಿ, ಆಮೇಲೆ ಬೆಳೆದ ಬನಶಂಕರಿ, ಜೆ.ಪಿ. ನಗರಗಳಲ್ಲಿ ಇಂಥ ಅಟ್ಟವಿಲ್ಲದ ಮನೆ ಸಿಗುವುದು ಕಷ್ಟ. ತಾಮ್ರದ ಹಂಡೆ, ದಸರಾ ಗೊಂಬೆಗಳ ಟ್ರಂಕು, ಹಬ್ಬಕ್ಕೊಮ್ಮೆ ಇಳಿಯುವ ದೊಡ್ಡ ಪಾತ್ರೆಗಳಿದ್ದ ಜಾಗಕ್ಕೆ ಈಗ ಪ್ಲೈವುಡ್ ಬಾಗಿಲು ಬಂದಿದೆ. ಒಳಗೆ ಎಲ್‌ಇಡಿ ಪಟ್ಟಿ, ವೈಫೈ ರೂಟರ್, ಸಿಸಿಟಿವಿ ಪೆಟ್ಟಿಗೆ ಸೇರಿಕೊಂಡಿವೆ. ಇವಕ್ಕೆಲ್ಲ ಒಂದೊಂದು ಪಾಯಿಂಟ್ ಬೇಕು. ಒಂದು ಪಾಯಿಂಟಿಗಾಗಿ ಎಲೆಕ್ಟ್ರಿಷಿಯನ್ ಬರುವುದಿಲ್ಲ, ಬರುತ್ತೇನೆಂದವನು ಎರಡು ವಾರ ಕಾಯಿಸುತ್ತಾನೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಾಗಲಿ ಜಯನಗರ ನಾಲ್ಕನೇ ಬ್ಲಾಕಿನಲ್ಲಾಗಲಿ ಸಾಮಾನು ಸುಲಭವಾಗಿ ಸಿಗುವುದರಿಂದ ಮನೆಯವರೇ ಟೆಸ್ಟರ್ ಹಿಡಿಯುತ್ತಾರೆ.

ಈ ಕೆಲಸವನ್ನು ಅಳೆಯಲು ಕಾನೂನಿನಲ್ಲೇ ಒಂದು ಒಳ್ಳೆಯ ಅಳತೆಗೋಲಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದ ಪ್ರಕಾರ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಯಾರು ಬೇಕಾದರೂ ಬದಲಾಯಿಸಬಹುದು. ಆದರೆ ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು. ಅದಕ್ಕೆ ಮೀರಿದ್ದನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯೂ ಇದೇ ಗೆರೆಯನ್ನು ಉಳಿಸಿಕೊಂಡಿತು. ಗೆರೆಯ ಈಚೆಗಿನ ಕೆಲಸವನ್ನು ಇಲ್ಲಿನ ಮನೆಯವರು ಚೆನ್ನಾಗಿಯೇ ಮಾಡುತ್ತಾರೆ. ಬೇಕಲೈಟಿನ ಕಪ್ಪು ಸ್ವಿಚ್ಚು ತೆಗೆದು ಹೊಸದು ಕೂರಿಸುವುದು, ಹೋಲ್ಡರ್ ಬದಲಾಯಿಸುವುದು, ಫ್ಯಾನಿಗೆ ಕೆಪಾಸಿಟರ್ ಹಾಕುವುದು ಇವುಗಳಲ್ಲಿ ಕೂಲಿಗೆ ಬಂದವರಿಗಿಂತ ಹೆಚ್ಚು ತಾಳ್ಮೆ ಕಾಣುತ್ತದೆ. ಸ್ಕ್ರೂ ಬಿಗಿಯಾಗಿರುತ್ತದೆ, ಬೋರ್ಡು ವಾಲಿರುವುದಿಲ್ಲ. ಎಡವಟ್ಟಾಗುವುದು ಕಣ್ಣಿಗೆ ಬೀಳದ ಜಾಗದಲ್ಲಿ, ಅಂದರೆ ಅಟ್ಟದ ಮೇಲೆ.

ಅಟ್ಟದ ಪಾಯಿಂಟಿಗೆ ಸಾಮಾನ್ಯವಾಗಿ ಕರೆಂಟ್ ಎಳೆಯುವುದು ಹತ್ತಿರದ ಟ್ಯೂಬ್‌ಲೈಟಿನಿಂದ. ಹಳೆಯ ಮನೆಗಳಲ್ಲಿ ಆ ಲೈನು 1/18ರ ವೈರು, ಈಗಿನ ಲೆಕ್ಕದಲ್ಲಿ ಒಂದು ಚದರ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ರೂಟರಿಗೆ, ಎಲ್‌ಇಡಿಗೆ ಅದು ಧಾರಾಳ. ತೊಂದರೆ ಬರುವುದು ಅದೇ ಪಾಯಿಂಟಿಗೆ ಎಕ್ಸ್‌ಟೆನ್ಷನ್ ಬೋರ್ಡು ಸಿಕ್ಕಿಸಿ, ಆ ಬೋರ್ಡು ಅಡುಗೆಕಟ್ಟೆಗೆ ಇಳಿದು, ಅಲ್ಲಿ ಇಂಡಕ್ಷನ್ ಒಲೆ ಕೂತಾಗ. 230 ವೋಲ್ಟಿನಲ್ಲಿ 2,000 ವ್ಯಾಟಿನ ಒಲೆ 8.7 ಆಂಪಿಯರ್ ಎಳೆಯುತ್ತದೆ. ಒಂದು ಲೈಟ್ ಸರ್ಕ್ಯೂಟಿಗೆ ಹತ್ತು ಪಾಯಿಂಟ್, 800 ವ್ಯಾಟ್ ಮೀರಬಾರದೆಂಬುದು ವೈರಿಂಗಿನ ರೂಢಿಯ ಮಿತಿ; ಅದನ್ನು ಒಲೆಯೊಂದೇ ಎರಡು ಪಟ್ಟಿಗೂ ಮೀರಿ ದಾಟಿಬಿಡುತ್ತದೆ. ಎಂಸಿಬಿ ಬಿದ್ದರೆ ಅದು ತನ್ನ ಕೆಲಸ ಮಾಡಿತೆಂದು ಅರ್ಥ. ಮನೆಯವರು ಮಾತ್ರ ಎಂಸಿಬಿಯೇ ಕೆಟ್ಟಿದೆಯೆಂದು 10 ಆಂಪಿಯರಿನ ಜಾಗಕ್ಕೆ 20ರದ್ದನ್ನು ತಂದು ಹಾಕುತ್ತಾರೆ, ಪಿಂಗಾಣಿ ಫ್ಯೂಸಿದ್ದ ಕಾಲದಲ್ಲಿ ಎರಡೆಳೆ ತಂತಿ ಸುತ್ತುತ್ತಿದ್ದ ಹಾಗೆ. ಅಲ್ಲಿಂದಾಚೆಗೆ ಬಿಸಿಯಾಗುವುದು ಗೋಡೆಯೊಳಗಿನ ವೈರು. ಎಂಸಿಬಿ ಬದಲಾಯಿಸಿದ ಈ ಚಿಕ್ಕ ಕೆಲಸ ನೋಡಲು ಬಿಡಿಭಾಗದ ಬದಲಾವಣೆ, ಪರಿಣಾಮದಲ್ಲಿ ಇಡೀ ಸರ್ಕ್ಯೂಟಿನ ಸಾಮರ್ಥ್ಯದ ಬದಲಾವಣೆ. ಮನೆಗೆಲಸದ ತಪ್ಪುಗಳಲ್ಲಿ ಅತ್ಯಂತ ಕೆಟ್ಟದ್ದು ಇದೇ.

ಇನ್ನು ಜಾಯಿಂಟು. ಬ್ಲೇಡಿನಿಂದ ವೈರಿನ ತೊಗಟೆ ಹೆರೆದು, ಎರಡೆಳೆ ಹೊಸೆದು, ಕಪ್ಪು ಟೇಪು ಸುತ್ತಿ ಅಟ್ಟದ ಮೂಲೆಗೆ ತಳ್ಳುವುದು ಸರ್ವೇಸಾಮಾನ್ಯ. ಹೆರೆಯುವಾಗ ಬ್ಲೇಡು ತಾಗಿ ಎರಡೆಳೆ ಕತ್ತರಿಸಿಹೋದರೆ ವೈರು ಅಲ್ಲಿಗೆ ತೆಳ್ಳಗಾಯಿತು. ಏಪ್ರಿಲಿನ ಬಿಸಿಲಿಗೆ ತಾರಸಿ ಕಾದು ಅಟ್ಟ ಬೆಚ್ಚಗಾದಾಗ ಟೇಪಿನ ಅಂಟು ಕರಗಿ ಸುತ್ತು ಸಡಿಲಾಗುತ್ತದೆ. ಉಳಿದದ್ದನ್ನು ಇಲಿ ನೋಡಿಕೊಳ್ಳುತ್ತದೆ. ಸುತ್ತಮುತ್ತ ಹಳೆಯ ಪೇಪರು, ಥರ್ಮೋಕೋಲು, ಗೊಂಬೆಗಳಿಗೆ ಸುತ್ತಿದ ಹತ್ತಿ ಬಟ್ಟೆ. 1970ರ ದಶಕದ ಕೆಲವು ಮನೆಗಳಲ್ಲಿ ಮೂಲ ವೈರು ಅಲ್ಯೂಮಿನಿಯಂನದು. ಅದಕ್ಕೆ ತಾಮ್ರ ಹೊಸೆದರೆ ತೇವದಲ್ಲಿ ಅಲ್ಯೂಮಿನಿಯಂ ತಿಂದುಹೋಗಿ ಜಾಯಿಂಟು ಕಾಯತೊಡಗುತ್ತದೆ. ಮುಚ್ಚಳವಿರುವ ಜಂಕ್ಷನ್ ಬಾಕ್ಸು, ಒಳಗೆ ಸ್ಕ್ರೂ ಕನೆಕ್ಟರು, ವೈರಿಗೆ ಪಿವಿಸಿ ಕೇಸಿಂಗು ಇಷ್ಟಿದ್ದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಖರ್ಚು ಪ್ಲೈವುಡ್ ಬಾಗಿಲಿನ ಹಿಡಿಕೆಗಳದ್ದಕ್ಕಿಂತ ಕಡಿಮೆ.

ಟೆಸ್ಟರ್ ಮೇಲಿನ ಭರವಸೆಯೂ ಅತಿಯಾದದ್ದು. ನಿಯಾನ್ ದೀಪದ ಟೆಸ್ಟರು ಫೇಸ್ ಇದೆಯೆಂದಷ್ಟೇ ಹೇಳುತ್ತದೆ. ನ್ಯೂಟ್ರಲ್ ತುಂಡಾಗಿ ಬಲ್ಬಿನ ಮೂಲಕ ಫೇಸ್ ಹಿಂದಿರುಗುತ್ತಿದ್ದರೆ ಎರಡೂ ತೂತಿನಲ್ಲಿ ದೀಪ ಹೊತ್ತಿ ಮನೆಯವರನ್ನು ಗಲಿಬಿಲಿಗೊಳಿಸುತ್ತದೆ. ಇನ್ನೊಂದು ಅಪಾಯ ಯುಪಿಎಸ್. ಬೆಸ್ಕಾಂ ಕರೆಂಟ್ ಹೋದಾಗಲೆಂದು ಇಟ್ಟ ಯುಪಿಎಸ್ ಲೈಟು, ಫ್ಯಾನುಗಳ ಲೈನನ್ನು ಬ್ಯಾಟರಿಯಿಂದ ನಡೆಸುತ್ತದೆ. ಮೇನ್ ಸ್ವಿಚ್ ಇಳಿಸಿ ಏಣಿ ಹತ್ತಿದವರ ಕೈಯಲ್ಲಿರುವ ಟ್ಯೂಬ್‌ಲೈಟಿನ ವೈರಿನಲ್ಲಿ ಇನ್ನೂ 230 ವೋಲ್ಟ್ ಇರುತ್ತದೆ. ಯುಪಿಎಸ್ಸನ್ನೂ ಆಫ್ ಮಾಡಿ, ಅದರ ಔಟ್‌ಪುಟ್ ಬಿಚ್ಚಿದ ಮೇಲೆಯೇ ಅಟ್ಟಕ್ಕೆ ಕೈಹಾಕಬೇಕು. ಯುಪಿಎಸ್ ಲೈನಿನ ನ್ಯೂಟ್ರಲನ್ನು ಬೇರೆ ಸರ್ಕ್ಯೂಟಿನ ನ್ಯೂಟ್ರಲಿಗೆ ಸೇರಿಸಿಬಿಟ್ಟರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳತೊಡಗುತ್ತದೆ. ಬೇಸತ್ತ ಮನೆಯವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುತ್ತಾರೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯರನ್ನು ಕಾಯುವುದು 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುವ ಆರ್‌ಸಿಸಿಬಿ. ಹಳೆಯ ಮನೆಗೆ ಒಂದೇ ಒಂದು ಸುಧಾರಣೆ ಮಾಡಿಸುವಷ್ಟು ದುಡ್ಡಿದ್ದರೆ ಅದು ಇದಕ್ಕೇ ಹೋಗಬೇಕು, ಮತ್ತು ಅದನ್ನು ಬಲ್ಲವರಿಂದಲೇ ಹಾಕಿಸಬೇಕು.

ಅಟ್ಟ ಎಷ್ಟು ಭಾರ ತಾಳುತ್ತದೆಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದೇ ಕಡೆ ಗೋಡೆಗೆ ಹಿಡಿದುಕೊಂಡ ಈ ಹಲಗೆಯ ಮುಖ್ಯ ಕಂಬಿಗಳಿರುವುದು ಮೇಲ್ಮೈಯ ಹತ್ತಿರ. ಅಂಚಿಗೆ ಭಾರ ಬಿದ್ದಷ್ಟೂ ಗೋಡೆಯ ಬಳಿ ಎಳೆತ ಹೆಚ್ಚುತ್ತದೆ. ಬಚ್ಚಲಿನ ಅಟ್ಟದ ಮೇಲೆ 200 ಲೀಟರಿನ ಡ್ರಮ್ಮು ತುಂಬಿಸಿದರೆ ನೀರೇ 200 ಕಿಲೋ. ಗೋಡೆಯ ಪಕ್ಕದಲ್ಲಿ ಮೇಲಿನಿಂದ ಕೊರೆದು ವೈರಿಗೆ ದಾರಿ ಮಾಡುವವರು ತಿಳಿಯದೆ ಆ ಕಂಬಿಗೇ ಡ್ರಿಲ್ ತಾಗಿಸುತ್ತಾರೆ. ಹಲಗೆ ಗೋಡೆ ಸೇರುವಲ್ಲಿ ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು ಕಂಡರೂ ಸಾಮಾನು ಇಳಿಸಿ ಇಂಜಿನಿಯರರನ್ನು ಕರೆಸಬೇಕು. ಪುಟ್ಟಿ ಹಾಕಿ ಬಣ್ಣ ಬಳಿಯುವುದು ರೋಗ ಮುಚ್ಚಿಟ್ಟ ಹಾಗೆ.

ತಾರಸಿಯ ಕೆಲಸ ಇನ್ನೂ ಒರಟು. ಶೀಟು ಹೊದಿಸಿ, ಕೆಳಗೆ ವಾಷಿಂಗ್ ಮಷೀನ್ ಇಟ್ಟು, ಮೆಟ್ಟಿಲ ಮೇಲಿನ ಲೈಟಿನಿಂದ ಎರಡೆಳೆಯ ವೈರು ತಂದು ಮೂರು ಪಿನ್ನಿನ ಸಾಕೆಟ್ ಕೂರಿಸುತ್ತಾರೆ. ಅರ್ಥ್ ಪಿನ್ನಿನ ತೂತು ಬರಿದು. ಮಷೀನ್ ಓಡುತ್ತದೆ, ಆದ್ದರಿಂದ ಎಲ್ಲ ಸರಿಯಿದೆಯೆಂಬ ಭಾವನೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಲೋಹದ ಮೈ ಮುಟ್ಟುವ ಜಾಗದಲ್ಲಿ ಅರ್ಥಿಂಗ್ ಇಲ್ಲದಿರುವುದು ಕ್ಷಮಿಸುವಂಥದ್ದಲ್ಲ. ಕೆಳಗೆ ಪಾರ್ಕಿಂಗಿಗೆ ಟೈಲ್ಸ್ ಹಾಸುವಾಗ ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಯನ್ನೇ ಮುಚ್ಚಿದ ಮನೆಗಳೂ ಇವೆ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದೆಂಬುದು ಅಲ್ಲಿಗೆ ಮುಗಿದ ಕಥೆ.

ಎಲೆಕ್ಟ್ರಿಷಿಯನ್ನರನ್ನು ಕರೆದಾಕ್ಷಣ ಇವೆಲ್ಲ ಸರಿಹೋಗುತ್ತವೆ ಎನ್ನುವಂತಿಲ್ಲ. ಮೂಲೆಯಂಗಡಿ ಕಳಿಸುವ ಹುಡುಗರಲ್ಲಿ ಪರವಾನಗಿ ಇಲ್ಲದವರು ಸಾಕಷ್ಟಿದ್ದಾರೆ, ಟೇಪು ಸುತ್ತುವುದರಲ್ಲಿ ಅವರೂ ಹಿಂದೆ ಬಿದ್ದಿಲ್ಲ. ಬಿ.ಟಿ.ಎಂ. ಲೇಔಟಿನ ಬಾಡಿಗೆ ಮನೆ, ಪಿಜಿಗಳಲ್ಲಿ ಬಂದವರೆಲ್ಲ ಒಂದೊಂದು ಲೈನು ಸೇರಿಸಿ, ಹೋಗುವಾಗ ಉಪಕರಣ ಬಿಚ್ಚಿಕೊಂಡು ವೈರನ್ನು ಅಟ್ಟದ ಮೇಲೆಯೇ ಕತ್ತರಿಸಿ ಬಿಡುತ್ತಾರೆ. ಅಂಥ ವೈರಿಗೆ ತುದಿಯಲ್ಲಿ ಟೇಪು ಸುತ್ತಿದರೆ ಸಾಲದು. ಅದು ಹೊರಟ ಬೋರ್ಡು ಅಥವಾ ಟ್ಯೂಬ್‌ಲೈಟಿನ ಬಳಿಯೇ ಬಿಚ್ಚಿ, ಪೂರ್ತಿ ಎಳೆದು ಹಾಕಬೇಕು.