ಕ್ಷಯದ ಗಂಟು ಮತ್ತು ಟಿ.ಎನ್.ಎಫ್.: ‘ಕೋಟೆ’ ಎಂಬ ಕಲ್ಪನೆಯ ವಿಮರ್ಶೆ

ಕ್ಷಯರೋಗವನ್ನು ಕುರಿತ ಪಠ್ಯಗ್ರಂಥಗಳಲ್ಲಿ ಶ್ವಾಸಕೋಶದ ಗಂಟನ್ನು ಕೋಟೆಗೆ ಹೋಲಿಸುವುದು ವಾಡಿಕೆಯಾಗಿದೆ. ಕ್ಷಯಾಣುವೇ ಸೆರೆಯಾಳು, ಅದನ್ನು ಸುತ್ತುವರಿದ ಮ್ಯಾಕ್ರೋಫೇಜ್ ಹಾಗೂ ಲಿಂಫೋಸೈಟ್ ಕೋಶಗಳೇ ಗೋಡೆ, ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಎಂಬ ಸಂಕೇತವಾಹಕ ಪ್ರೋಟೀನು ಆ ಗೋಡೆಯನ್ನು ಕಟ್ಟಿಸಿ ಕಾಯುವ ಕಿಲ್ಲೇದಾರ. ಈ ಪ್ರೋಟೀನನ್ನು ಮುಂದೆ ಟಿ.ಎನ್.ಎಫ್. ಎಂದೇ ಕರೆಯುವೆವು. ಬೋಧಿಸುವವರಿಗೂ ಕಲಿಯುವವರಿಗೂ ಅನುಕೂಲವಾದ ಚಿತ್ರವಿದು. ಆದರೆ ಪ್ರಯೋಗಗಳ ಮುಂದೆ ಇದು ನಿಲ್ಲುವುದೆ ಎಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಹೆಸರಿನ ವಿಚಾರ. 1975ರಲ್ಲಿ ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯ ಕಾರ್ಸ್‌ವೆಲ್, ಲಾಯ್ಡ್ ಓಲ್ಡ್ ಮೊದಲಾದವರು ಇಲಿಗಳಿಗೆ ಬಿ.ಸಿ.ಜಿ. ಚುಚ್ಚಿ, ಬಳಿಕ ಬ್ಯಾಕ್ಟೀರಿಯದ ವಿಷವಸ್ತುವನ್ನು ಕೊಟ್ಟು, ಅವುಗಳ ರಕ್ತರಸವು ಬೇರೆ ಇಲಿಗಳ ಗೆಡ್ಡೆಗಳನ್ನು ಕೊಲ್ಲುವುದನ್ನು ಕಂಡರು. ಹೆಸರು ಅಲ್ಲಿಂದ ಬಂದಿತು. ರಾಕ್‌ಫೆಲರ್ ವಿಶ್ವವಿದ್ಯಾನಿಲಯದ ಆಂಟನಿ ಸೆರಾಮಿ, ಬ್ರೂಸ್ ಬಾಯ್ಟ್ಲರ್ ಮೊದಲಾದವರು ಸೋಂಕು ತಗುಲಿದ ಪ್ರಾಣಿಗಳ ಮೈಯನ್ನು ಸವೆಸುವ ವಸ್ತುವನ್ನು ಹುಡುಕುತ್ತಿದ್ದು, ಅದಕ್ಕೆ ಕ್ಯಾಕೆಕ್ಟಿನ್ ಎಂದು ಹೆಸರಿಟ್ಟಿದ್ದರು. ಎರಡೂ ಒಂದೇ ಎಂಬುದು 1985ರ ಹೊತ್ತಿಗೆ ತಿಳಿಯಿತು. ಕ್ಷಯವೆಂದರೆ ಸವೆತವೆಂದೇ ಅರ್ಥವಿರುವ ನಮ್ಮ ಭಾಷೆಗೆ ಈ ಎರಡನೆಯ ಹೆಸರೇ ಹೆಚ್ಚು ಒಪ್ಪುತ್ತಿತ್ತೇನೋ! ಅಂತೂ ಎರಡು ಹೆಸರುಗಳೂ ಅದರ ಕೇಡಿನ ಮುಖದಿಂದಲೇ ಹುಟ್ಟಿದವು. ಕಾಪಾಡುವ ಮುಖ ಕಂಡದ್ದು ಅನಂತರ.

ಕೋಟೆಯ ಕಲ್ಪನೆಗೆ ಆಧಾರವಾದ ಪ್ರಮಾಣಗಳು ಸಾಮಾನ್ಯವಾದುವಲ್ಲ. 1989ರಲ್ಲಿ ಜಿನೀವಾದ ಕಿಂಡ್ಲರ್ ಮತ್ತು ಸಂಗಡಿಗರು ಬಿ.ಸಿ.ಜಿ. ಪಡೆದ ಇಲಿಗಳಲ್ಲಿ ಟಿ.ಎನ್.ಎಫ್. ಅನ್ನು ಪ್ರತಿಕಾಯದಿಂದ ತಡೆದಾಗ ಗಂಟುಗಳ ಬೆಳವಣಿಗೆ ಕುಂಠಿತವಾಗಿ ಬ್ಯಾಕ್ಟೀರಿಯಗಳು ವೃದ್ಧಿಯಾದವು. 1995ರಲ್ಲಿ ಜೋಆನ್ ಫ್ಲಿನ್ ಮೊದಲಾದವರು, ಈ ಪ್ರೋಟೀನಿನ ಗ್ರಾಹಕಗಳಲ್ಲಿ ಒಂದು ಇಲ್ಲದ ಇಲಿಗಳು ಕ್ಷಯಕ್ಕೆ ಬೇಗನೆ ಬಲಿಯಾಗುವುದನ್ನು ತೋರಿಸಿದರು. ಮನುಷ್ಯರ ಸಾಕ್ಷ್ಯ 2001ರಲ್ಲಿ ಒದಗಿತು. ಕೀಲುವಾತಕ್ಕೂ ಕರುಳಿನ ಕ್ರೋನ್ ರೋಗಕ್ಕೂ ಕೊಡುತ್ತಿದ್ದ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಟಿ.ಎನ್.ಎಫ್. ನಿರೋಧಕ ಔಷಧವನ್ನು ಪಡೆದವರಲ್ಲಿ 70 ಮಂದಿಗೆ ಕ್ಷಯ ಕಾಣಿಸಿಕೊಂಡುದನ್ನು ಕೀನ್ ಮತ್ತು ಸಹೋದ್ಯೋಗಿಗಳು ವರದಿ ಮಾಡಿದರು. ಅವರಲ್ಲಿ 40 ಮಂದಿಗೆ ರೋಗವು ಶ್ವಾಸಕೋಶದ ಹೊರಗೂ ಇತ್ತು. ಗೋಡೆ ಬಿದ್ದಿತು, ಸೆರೆಯಾಳು ಓಡಿದನು ಎಂದು ಓದುಗರು ಭಾವಿಸಿದ್ದು ಸಹಜವೇ.

ಆದರೆ ತರ್ಕದಲ್ಲಿ ಇಲ್ಲೊಂದು ಬಿರುಕಿದೆ. ಟಿ.ಎನ್.ಎಫ್. ಅಡಗಿದರೆ ರೋಗ ಕೆರಳುವುದೆಂಬುದು ಸಿದ್ಧವಾಯಿತು. ಗಂಟು ಕುಸಿದುದರಿಂದಲೇ ಕೆರಳಿತೆಂಬುದು ಸಿದ್ಧವಾಗಲಿಲ್ಲ. ಗಂಟು ಕೆಟ್ಟದ್ದು ಮೊದಲೋ ಬ್ಯಾಕ್ಟೀರಿಯ ಹೆಚ್ಚಿದ್ದು ಮೊದಲೋ ಎಂಬ ಪ್ರಶ್ನೆಗೆ ಸತ್ತ ಇಲಿಯ ಅಂಗಾಂಶವನ್ನು ನೋಡಿ ಉತ್ತರ ಹೇಳುವುದು ಕಷ್ಟ. ಬದುಕಿರುವ ಪ್ರಾಣಿಯಲ್ಲಿ ದಿನದಿನವೂ ನೋಡಬೇಕು.

ಪಾರದರ್ಶಕವಾದ ಜೀಬ್ರಾಮೀನಿನ ಮರಿಯಲ್ಲಿ ಇದು ಸಾಧ್ಯವಾಯಿತು. ಲಲಿತಾ ರಾಮಕೃಷ್ಣನ್ ಅವರ ಪ್ರಯೋಗಶಾಲೆಯು 2008ರಲ್ಲಿ ಪ್ರಕಟಿಸಿದ ಶೋಧನೆಯು ಪಠ್ಯಗ್ರಂಥದ ಚಿತ್ರವನ್ನು ತಲೆಕೆಳಗು ಮಾಡಿತು. ಕ್ಷಯಾಣುವಿನ ದಾಯಾದಿಯಾದ ಮೈಕೋಬ್ಯಾಕ್ಟೀರಿಯಂ ಮರೈನಮ್ ಸೋಂಕಿದ ಮರಿಗಳಲ್ಲಿ ಟಿ.ಎನ್.ಎಫ್. ಸಂಕೇತವನ್ನು ಇಲ್ಲವಾಗಿಸಿದಾಗ ಗಂಟು ಕಟ್ಟದೆ ಇರಲಿಲ್ಲ. ಬದಲಾಗಿ ಇನ್ನೂ ಬೇಗನೆ ಕಟ್ಟಿತು. ಕೆಟ್ಟದ್ದು ಕೋಶದ ಒಳಗಿನ ವ್ಯವಹಾರ. ಮ್ಯಾಕ್ರೋಫೇಜಿನೊಳಗೆ ಬ್ಯಾಕ್ಟೀರಿಯಗಳು ತಡೆಯಿಲ್ಲದೆ ಹೆಚ್ಚಿ, ಕೋಶ ಸತ್ತು, ಅವು ಹೊರಬಿದ್ದವು. ಗಂಟು ಕುಸಿದದ್ದು ಕಾರಣವಲ್ಲ, ಪರಿಣಾಮ.

ಮೀನಿನ ಮರಿಗೆ ಶ್ವಾಸಕೋಶವೆಲ್ಲಿದೆ ಎಂದು ಕೇಳುವವರುಂಟು; ಕೇಳಬೇಕಾದ ಮಾತೇ. ಆ ವಯಸ್ಸಿನಲ್ಲಿ ಅದರ ಲಿಂಫೋಸೈಟುಗಳೂ ಬಲಿತಿರುವುದಿಲ್ಲ. ಆದಕಾರಣ 2010ರಲ್ಲಿ ಫಿಲಾನಾ ಲಿಂಗ್ ಲಿನ್, ಫ್ಲಿನ್ ಮೊದಲಾದವರು ಮಕಾಕ್ ಕೋತಿಗಳಲ್ಲಿ ನಡೆಸಿದ ಪ್ರಯೋಗಕ್ಕೆ ನಾವು ಹೆಚ್ಚಿನ ಬೆಲೆ ಕೊಡುತ್ತೇವೆ. ಕೋತಿಯ ಶ್ವಾಸಕೋಶದ ಗಂಟು ಮನುಷ್ಯನದನ್ನು ಬಹುವಾಗಿ ಹೋಲುತ್ತದೆ. ನಡುವೆ ಗಿಣ್ಣಿನಂತೆ ಮೆತ್ತಗಾಗುವ ಲಕ್ಷಣವೂ ಅದಕ್ಕುಂಟು. ಸುಪ್ತ ಸೋಂಕಿದ್ದ ಕೋತಿಗಳಲ್ಲಿ ಟಿ.ಎನ್.ಎಫ್. ಅನ್ನು ತಡೆದಾಗ ರೋಗ ಮರುಕಳಿಸಿ ಹರಡಿತು. ಆದರೂ ಗಂಟುಗಳ ರಚನೆ ಎಂದಿನಂತೆಯೇ ಇತ್ತು. ಗೋಡೆ ನಿಂತೇ ಇದ್ದು ಸೆರೆಯಾಳು ತಪ್ಪಿಸಿಕೊಂಡಿದ್ದನು. ಇದರ ಮುಂದೆ ಕೋಟೆಯ ಉಪಮೆಯನ್ನು ಸಮರ್ಥಿಸುವುದು ನಮಗೆ ಅಸಾಧ್ಯವೆಂದು ತೋರುತ್ತದೆ.

ಹಾಗೆಂದು ಟಿ.ಎನ್.ಎಫ್. ಹೆಚ್ಚಿದಷ್ಟೂ ಒಳಿತೆ? ಅದೂ ಅಲ್ಲ. 2013ರಲ್ಲಿ ರೋಕಾ ಮತ್ತು ರಾಮಕೃಷ್ಣನ್ ಅವರು, ಮಿತಿಮೀರಿದ ಟಿ.ಎನ್.ಎಫ್. ಸೋಂಕಿದ ಮ್ಯಾಕ್ರೋಫೇಜಿನ ಮೈಟೊಕಾಂಡ್ರಿಯಗಳಲ್ಲಿ ಆಮ್ಲಜನಕದ ತೀಕ್ಷ್ಣ ಸಂಯುಕ್ತಗಳನ್ನು ಎಬ್ಬಿಸುವುದೆಂದು ತೋರಿಸಿದರು. ಮೊದಲು ಇವು ಬ್ಯಾಕ್ಟೀರಿಯವನ್ನು ಕೊಲ್ಲುತ್ತವೆ. ಆಮೇಲೆ ಕೋಶವನ್ನೇ ಕೊಲ್ಲುತ್ತವೆ. ಸತ್ತ ಕೋಶದಿಂದ ಹೊರಬಿದ್ದ ಅಳಿದುಳಿದ ಬ್ಯಾಕ್ಟೀರಿಯಗಳು ಹೊರಗೆ ಸ್ವೇಚ್ಛೆಯಾಗಿ ಬೆಳೆಯುತ್ತವೆ. ಕೊರತೆಯೂ ಅತಿಯೂ ಬೇರೆಬೇರೆ ದಾರಿಯಿಂದ ಅದೇ ಕೋಶಮರಣಕ್ಕೆ ಬಂದು ಸೇರುತ್ತವೆ. ಈ ಎರಡನೆಯ ದಾರಿ ಮೀನಿನಲ್ಲಿ ಕಂಡದ್ದೆಂಬುದನ್ನು ಮರೆಯಬಾರದು. ಮನುಷ್ಯನ ಶ್ವಾಸಕೋಶದಲ್ಲಿ ಬೀಳುವ ಕುಳಿಗಳನ್ನೆಲ್ಲ ಇದೊಂದರಿಂದಲೇ ವಿವರಿಸಲು ಹೊರಡುವುದು ಆತುರ.

ಈ ಚರ್ಚೆ ಬರಿಯ ಉಪಮೆಯ ಜಗಳವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಸೋಂಕನ್ನು ಸುಪ್ತವಾಗಿ ಹೊತ್ತವರು ಅದಕ್ಕಿಂತ ಎಷ್ಟೋ ಹೆಚ್ಚು. ಇಂಥವರ ಕೀಲುವಾತಕ್ಕೆ ಟಿ.ಎನ್.ಎಫ್. ನಿರೋಧಕವನ್ನು ಕೊಡುವಾಗ, ಕ್ಷಕಿರಣ ಚಿತ್ರದಲ್ಲಿ ಹಳೆಯ ಗಂಟು ಕದಲದೆ ಇದೆಯೆಂದು ಧೈರ್ಯ ತಾಳುವುದಕ್ಕೆ ಕೋತಿಗಳ ಪ್ರಯೋಗ ಅವಕಾಶವೀಯುವುದಿಲ್ಲ. ಸುಪ್ತ ಸೋಂಕಿದೆಯೆ ಎಂಬುದನ್ನು ಚರ್ಮದ ಅಥವಾ ರಕ್ತದ ಪರೀಕ್ಷೆಯಿಂದ ಮೊದಲೇ ತಿಳಿದು, ಇದ್ದರೆ ಐಸೋನಿಯಾಜಿಡ್ ಮೊದಲಾದ ಔಷಧಗಳಿಂದ ಮುಂಚಿತ ಚಿಕಿತ್ಸೆಯನ್ನು ಆರಂಭಿಸಿದ ಮೇಲೆಯೇ ನಿರೋಧಕವನ್ನು ಕೊಡುವ ಪದ್ಧತಿ ಇಂದು ರೂಢಿಯಲ್ಲಿದೆ.