ಕಾಮಗಾಸಾಕಿಯನ್ನು ನಡೆದು ನೋಡುವವರು

ಓಸಾಕಾದ ದಕ್ಷಿಣ ಭಾಗದಲ್ಲಿ, ಶಿನ್-ಇಮಾಮಿಯಾ ರೈಲು ನಿಲ್ದಾಣದ ಎದುರಿಗೇ ಇರುವ ಕಾಮಗಾಸಾಕಿಯ ಹೆಸರು ಸರಕಾರಿ ನಕಾಶೆಯಲ್ಲಿ ಸಿಗುವುದಿಲ್ಲ. ನಿಶಿನಾರಿ ವಾರ್ಡಿನ ಈ ಮೂಲೆಯ ವಿಸ್ತಾರ ಒಂದು ಚದರ ಕಿಲೋಮೀಟರ್ ಕೂಡ ಆಗದು. ಆದರೆ ಜಪಾನಿನ ಅತಿ ದೊಡ್ಡ ದಿನಗೂಲಿ ಮಾರುಕಟ್ಟೆ ದಶಕಗಳ ಕಾಲ ನಡೆದದ್ದು ಇಲ್ಲಿಯೇ. ಈಗ ಈ ಓಣಿಗಳಲ್ಲಿ ಗೈಡ್ ಹಿಂದೆ ಗುಂಪಾಗಿ ನಡೆಯುವವರು ಕಾಣಿಸುತ್ತಾರೆ: ಕಾಲೇಜು ವಿದ್ಯಾರ್ಥಿಗಳು, ಸಮಾಜಕಾರ್ಯ ಕಲಿಯುವವರು, ಬೆನ್ನಿಗೆ ಚೀಲ ಕಟ್ಟಿಕೊಂಡ ವಿದೇಶಿಯರು. ಕೆಲವು ನಡಿಗೆಗಳನ್ನು ಕೇರಿಯಲ್ಲೇ ಬೇರೂರಿದ ಸಂಘಟನೆಗಳು ನಡೆಸುತ್ತವೆ. ಇನ್ನು ಕೆಲವು, ಯಾರೂ ಕಾಣದ ಜಪಾನನ್ನು ತೋರಿಸುತ್ತೇವೆಂದು ದುಡ್ಡು ಪಡೆಯುವವರ ವ್ಯಾಪಾರ. ಇವುಗಳ ಕುರಿತ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ, ಬಡವರ ಕೇರಿಗೆ ಪ್ರವಾಸ ಹೋಗುವುದು ಸರಿಯೇ ಎಂದು. ಆ ಪ್ರಶ್ನೆಯೊಂದೇ ಸಾಲದು ಎಂಬುದು ನನ್ನ ವಾದ. ನಡಿಗೆಯೊಂದು ನೋಡುಗರ ಕಣ್ಣನ್ನು ಎತ್ತ ತಿರುಗಿಸುತ್ತದೆ ಎಂಬುದರಿಂದ ಅದನ್ನು ಅಳೆಯಬೇಕು. ಅಲ್ಲಿ ಕೂತಿರುವ ಮನುಷ್ಯರತ್ತ ತಿರುಗಿಸುತ್ತದೆಯೋ, ಅವರನ್ನು ಅಲ್ಲಿಗೆ ತಂದು ಸೇರಿಸಿದ ಕೈಗಳತ್ತ ತಿರುಗಿಸುತ್ತದೆಯೋ?

ಮೊದಲು ಗಡಿಯಾರವನ್ನೇ ನೋಡೋಣ, ಏಕೆಂದರೆ ಇಂಥ ನಡಿಗೆಗಳು ಎಡವುವುದು ಅಲ್ಲಿಂದಲೇ. ಕಾಮಗಾಸಾಕಿಯ ದಿನ ಶುರುವಾಗುವುದು ಬೆಳಗಿನ ಜಾವ ಐದರ ಸುಮಾರಿಗೆ. ಮೇಸ್ತ್ರಿಗಳ ವ್ಯಾನುಗಳು ಬಂದು ನಿಂತು, ಗಾಜಿಗೆ ಕೆಲಸದ ವಿವರ ಮತ್ತು ಕೂಲಿಯ ಮೊತ್ತ ಬರೆದ ಚೀಟಿ ಅಂಟಿಸಿಕೊಂಡು, ಆಳುಗಳನ್ನು ತುಂಬಿಕೊಂಡು ಹೋಗುತ್ತವೆ. ಪ್ರವಾಸದ ಗುಂಪು ಬರುವುದು ಬಿಸಿಲೇರಿದ ಮೇಲೆ, ಹೆಚ್ಚಾಗಿ ಮಧ್ಯಾಹ್ನಕ್ಕೆ. ಆ ಹೊತ್ತಿಗೆ ಕೆಲಸ ಸಿಕ್ಕವರು ಎಲ್ಲೋ ದೂರದ ಕಟ್ಟಡದ ಮೇಲಿರುತ್ತಾರೆ. ಬೀದಿಯಲ್ಲಿ ಉಳಿದಿರುವವರು ಕೆಲಸ ಸಿಗದವರು, ಮೈಯಲ್ಲಿ ಹುಷಾರಿಲ್ಲದವರು, ವಯಸ್ಸಾಗಿ ಸರಕಾರದ ಜೀವನಾಧಾರ ನೆರವಿನಲ್ಲಿ ಬದುಕುವವರು. ಹೀಗೆ ನೋಡುಗನ ಕಣ್ಣಿಗೆ ಬೀಳುವುದು ಬರೀ ಬಿಡುವು: ಕಟ್ಟೆಯ ಮೇಲೆ ಕೂತ ಮುದುಕರು, ಕೈಯಲ್ಲೊಂದು ಅಗ್ಗದ ಸಾಕೆ ಮದ್ಯದ ಲೋಟ, ತ್ರಿಕೋನ ಪಾರ್ಕಿನಲ್ಲಿ ಚೆಸ್ಸಿನಂಥ ಶೋಗಿ ಆಟ. ಇಡೀ ಕೇರಿಯೇ ಸೋಮಾರಿ ಎಂಬ ಹಳೆಯ ತೀರ್ಪಿಗೆ ಈ ದೃಶ್ಯ ಸಾಕ್ಷಿಯಾಗಿಬಿಡುತ್ತದೆ. ಗೈಡ್ ಎಷ್ಟೇ ಸಹಾನುಭೂತಿಯಿಂದ ಮಾತಾಡಿದರೂ ಕಣ್ಣು ಕಂಡದ್ದು ಕಿವಿ ಕೇಳಿದ್ದನ್ನು ಮೀರಿಸುತ್ತದೆ. ಹಾಗಾಗಿ ದುಡಿಮೆಯ ಕೇರಿಯನ್ನು ದುಡಿಯುವವರು ಹೊರಟುಹೋದ ಹೊತ್ತಿನಲ್ಲಿ ತೋರಿಸುವ ನಡಿಗೆಯಲ್ಲಿ ಒಳ್ಳೆಯ ಉದ್ದೇಶ ಎಷ್ಟಿದ್ದರೂ ಅರ್ಧ ಸುಳ್ಳು ಇದ್ದೇ ಇರುತ್ತದೆ. ಆ ಅರ್ಧವನ್ನು ಮಾತಿನಲ್ಲಿ ತುಂಬಿಕೊಡುವ ಹೊಣೆ ಗೈಡ್‌ನ ಮೇಲಿದೆ.

ತುಂಬಿಕೊಡಲು ಬೇಕಾದಷ್ಟು ಸರಕೂ ಇದೆ. ಕಾಮಗಾಸಾಕಿ ತಾನಾಗಿ ಬೆಳೆದ ಕೊಳೆಗೇರಿಯಲ್ಲ, ಆಡಳಿತ ಕಟ್ಟಿದ ಕೇರಿ. 19ನೆಯ ಶತಮಾನದ ಕೊನೆಯಲ್ಲಿ ಹಳೆ ಓಸಾಕಾದ ನಾಗಮಾಚಿಯಲ್ಲಿದ್ದ ಅಗ್ಗದ ವಸತಿಗೃಹಗಳನ್ನು ಪೊಲೀಸ್ ನಿಯಮಗಳು ನಗರದ ಗಡಿಯಾಚೆಗೆ ತಳ್ಳಿದವು. ಯುದ್ಧದ ನಂತರ ಇಲ್ಲಿ ಸಂಸಾರಸ್ಥರೂ ಮಕ್ಕಳೂ ಬೇಕಾದಷ್ಟಿದ್ದರು. 1961ರ ಆಗಸ್ಟಿನಲ್ಲಿ ಟ್ಯಾಕ್ಸಿ ಹೊಡೆದು ಸತ್ತ ವೃದ್ಧ ಕೂಲಿಯಾಳನ್ನು ಪೊಲೀಸರು ಬೇಗ ಎತ್ತದೆ ರಸ್ತೆಯಲ್ಲೇ ಬಿಟ್ಟರೆಂದು ಜನ ರೊಚ್ಚಿಗೆದ್ದರು. ಅಲ್ಲಿಂದ 2008ರವರೆಗೆ ಇಪ್ಪತ್ತಕ್ಕೂ ಹೆಚ್ಚು ಗಲಭೆಗಳಾದವು. ಅರವತ್ತರ ದಶಕದಲ್ಲಿ ಸರಕಾರ ಸಂಸಾರಸ್ಥರನ್ನು ಬೇರೆಡೆಯ ವಸತಿಗಳಿಗೆ ಸಾಗಿಸಿತು. 1966ರಲ್ಲಿ ಈ ಜಾಗಕ್ಕೆ ‘ಐರಿನ್’ ಎಂಬ ಹೊಸ ಹೆಸರಿಟ್ಟಿತು. 1970ರ ಓಸಾಕಾ ವಿಶ್ವ ಮೇಳಕ್ಕೆ ಬೇಕಾದ ಒಂಟಿ ಗಂಡಾಳುಗಳು ಇಲ್ಲಿ ಬಂದು ತುಂಬಿಕೊಂಡರು, ಅದೇ ವರ್ಷ ಕೂಲಿ ಹಂಚುವ ಐರಿನ್ ಕೇಂದ್ರವೂ ತೆರೆಯಿತು. ಮೂರು ಚಾಪೆಯಗಲದ ಕೋಣೆಗಳ ‘ದೋಯಾ’ ವಸತಿಗೃಹಗಳ ಸಾಲನ್ನು ನೋಡುವವನಿಗೆ ಇದೆಲ್ಲ ಗೊತ್ತಿಲ್ಲದಿದ್ದರೆ, ಕೋಣೆ ಇಷ್ಟು ಚಿಕ್ಕದೇಕೆ ಎಂಬುದಕ್ಕೆ ಬಡತನ ಎಂಬ ಉತ್ತರ ಸಾಕೆನಿಸುತ್ತದೆ. ನಿಜವಾದ ಉತ್ತರ ಬೇರೆ. ಹೆಂಡತಿ ಮಕ್ಕಳಿಲ್ಲದ, ನಾಳೆ ಎಲ್ಲಿರುವನೆಂದು ಗೊತ್ತಿಲ್ಲದ, ಕೆಲಸವಿದ್ದಾಗ ಕರೆದು ಇಲ್ಲದಾಗ ಬಿಟ್ಟುಬಿಡಬಹುದಾದ ಆಳು ಕಟ್ಟಡ ಉದ್ಯಮಕ್ಕೆ ಬೇಕಿತ್ತು. ಆ ಆಳಿನ ಅಳತೆಗೆ ಕೋಣೆ ಕಟ್ಟಲಾಯಿತು. ಈ ಪದ್ಧತಿ ಹಳೆಯದಾಗಿ ಹೋಗಿಲ್ಲ ಎನ್ನುವುದಕ್ಕೆ 2011ರ ಪ್ರಕರಣವೊಂದೇ ಸಾಕು. ಮಿಯಾಗಿ ಪ್ರಾಂತದಲ್ಲಿ ಲಾರಿ ಓಡಿಸುವ ಕೆಲಸವೆಂದು ಇಲ್ಲಿಂದ ಕರೆದೊಯ್ದ ಕಾರ್ಮಿಕನನ್ನು ಫುಕುಶಿಮಾದ ಹಾನಿಗೊಂಡ ಅಣುಸ್ಥಾವರದ ಆವರಣದಲ್ಲಿ ದುಡಿಸಲಾಗಿತ್ತು. ನಡಿಗೆಗೆ ಬಂದ ಓಸಾಕಾದ ವಿದ್ಯಾರ್ಥಿ ಓಡಾಡುವ ಹೆದ್ದಾರಿ, ಅವನ ಮನೆಯ ವಿದ್ಯುತ್ತು, ಅವನ ಅಜ್ಜ ಅಜ್ಜಿ ನೋಡಿ ಬೆರಗಾದ ವಿಶ್ವ ಮೇಳ, ಎಲ್ಲಕ್ಕೂ ಈ ಕೇರಿಯೊಡನೆ ಋಣವಿದೆ. ಅದನ್ನು ಕಾಣಿಸಿಕೊಟ್ಟ ನಡಿಗೆಯನ್ನು ನಾನು ಒಳ್ಳೆಯದೆನ್ನುತ್ತೇನೆ.

ಇಂಥ ನಡಿಗೆಗಳಲ್ಲೆಲ್ಲ ಮೊದಲು ಹೇಳುವ ನಿಯಮ ಫೋಟೊ ತೆಗೆಯಬಾರದೆಂಬುದು. ಮುಂಬಯಿಯ ಧಾರಾವಿಯ ಪ್ರವಾಸಗಳಲ್ಲೂ ಅದೇ ನಿಯಮವಿದೆ. ಸಾಮಾನ್ಯವಾಗಿ ಅದನ್ನು ಸಭ್ಯತೆಯ ಮಾತಾಗಿ ಹೇಳಿ ಮುಂದೆ ಹೋಗುತ್ತಾರೆ. ಕಾಮಗಾಸಾಕಿಯಲ್ಲಿ ಅದು ಸಭ್ಯತೆಗಿಂತ ದೊಡ್ಡದು. ಪೊಲೀಸರು 1966ರಿಂದಲೇ ಇಲ್ಲಿಯ ಕೂಡುರಸ್ತೆಗಳಲ್ಲಿ ಟಿವಿ ಕ್ಯಾಮೆರಾಗಳನ್ನು ನೆಟ್ಟು ಕಾರ್ಮಿಕರ ಮೇಲೆ ಕಣ್ಣಿಡತೊಡಗಿದ್ದರು. ಇಡೀ ಜಪಾನಿನಲ್ಲಿ ಬೀದಿ ಕ್ಯಾಮೆರಾ ಅಪರೂಪವಾಗಿದ್ದ ಕಾಲವದು. ಕೇರಿಯ ಜನ ಇದರ ವಿರುದ್ಧ ಮೊಕದ್ದಮೆ ಹೂಡಿದರು. 1994ರಲ್ಲಿ ಓಸಾಕಾ ಜಿಲ್ಲಾ ನ್ಯಾಯಾಲಯ, ಹದಿನೈದು ಕ್ಯಾಮೆರಾಗಳ ಪೈಕಿ ಕಾರ್ಮಿಕ ಸಂಘಟನೆಗಳ ಕಟ್ಟಡದ ಮುಂದಿನ ಒಂದನ್ನು ತೆಗೆಯಲೇಬೇಕೆಂದು ತೀರ್ಪು ಕೊಟ್ಟಿತು. ಗೆದ್ದದ್ದು ಒಂದೇ ಕ್ಯಾಮೆರಾ, ನಿಜ. ಆದರೂ ತಮ್ಮನ್ನು ಹೀಗೆ ದಿಟ್ಟಿಸಬಾರದೆಂದು ಕೂಲಿಯಾಳುಗಳು ನ್ಯಾಯಾಲಯದಲ್ಲಿ ವಾದಿಸಿ ಪಡೆದ ಹಕ್ಕು ಅದು. ಪ್ರವಾಸಿ ಮೊಬೈಲ್ ಎತ್ತಿದಾಗ ಮುದುಕನೊಬ್ಬ ಗದರಿದರೆ, ಅದನ್ನು ಕೇರಿಯ ಒರಟುತನದ ರೋಚಕ ಅನುಭವವೆಂದು ಬಣ್ಣಿಸುವ ಯೂಟ್ಯೂಬ್ ವಿಡಿಯೊಗಳು ಬೇಕಾದಷ್ಟಿವೆ. ಗದರಿಕೆಯ ಹಿಂದಿನ ಮೊಕದ್ದಮೆಯ ಕತೆಯನ್ನು ಹೇಳದೆ ಬರೀ ನಿಯಮ ಹೇಳುವ ಗೈಡ್, ತನಗರಿವಿಲ್ಲದೆಯೇ ಅದೇ ರೋಚಕತೆಗೆ ನೀರೆರೆಯುತ್ತಾನೆ.

ಇಲ್ಲಿ ಎದುರಾಗುವ ಆಕ್ಷೇಪ ಗಟ್ಟಿಯಾದದ್ದು. ಹೇಗೆ ನೋಡಿದರೂ ನೋಟ ನೋಟವೇ, ಇತಿಹಾಸದ ಪಾಠ ಸೇರಿಸಿದರೆ ಮನುಷ್ಯರ ಪ್ರದರ್ಶನ ಪ್ರದರ್ಶನವಲ್ಲದೆ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಅವರ ಪಕ್ಷಕ್ಕೆ ಅತಿ ಬಲವಾದ ಸಾಕ್ಷ್ಯ ಕಾಮಗಾಸಾಕಿಯ ಪಕ್ಕದಲ್ಲೇ ಇದೆ. ಇವತ್ತು ಪ್ರವಾಸಿಗಳು ಕಿಕ್ಕಿರಿಯುವ ಶಿನ್ಸೆಕಾಯಿ ಮತ್ತು ತೆನ್ನೋಜಿ ಪಾರ್ಕ್ ಇರುವ ಜಾಗದಲ್ಲಿ 1903ರಲ್ಲಿ ಐದನೆಯ ರಾಷ್ಟ್ರೀಯ ಕೈಗಾರಿಕಾ ಪ್ರದರ್ಶನ ನಡೆಯಿತು. ಅದರ ಹೆಬ್ಬಾಗಿಲ ಹೊರಗೆ ಮಾನವ ಮಂದಿರವೆಂಬ ಖಾಸಗಿ ಪ್ರದರ್ಶನವಿತ್ತು. ಐನು, ಓಕಿನಾವಾ, ತೈವಾನಿನ ಮೂಲನಿವಾಸಿ, ಜಾವಾದ ಮತ್ತು ಭಾರತದ ಜನರನ್ನು ಅಲ್ಲಿ ವಿಜ್ಞಾನದ ಹೆಸರಿನಲ್ಲಿ ನೋಡಲು ಇಡಲಾಗಿತ್ತು. ಚೀನಾ ಪ್ರತಿಭಟಿಸಿತು, ಓಕಿನಾವಾದವರೂ ಪ್ರತಿಭಟಿಸಿದರು. ಅಂದರೆ ಅರಿವಿನ ಹೆಸರು ಹೇಳಿಕೊಂಡೇ ಅವಮಾನ ನಡೆದ ನೆಲವಿದು. ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೆ ನೋಡದೆ ಇರುವುದರಿಂದ ಯಾರಿಗೆ ಲಾಭ ಎಂಬುದನ್ನೂ ಕೇಳಬೇಕು. ಕೇರಿಯ ಹೆಸರನ್ನು ನಕಾಶೆಯಿಂದ ದೂರವಿಟ್ಟದ್ದೂ ಓಸಾಕಾದ ಹಲವು ತಲೆಮಾರುಗಳು ಮಕ್ಕಳಿಗೆ ಅತ್ತ ಹೋಗಬೇಡವೆಂದು ಹೇಳಿದ್ದೂ ಕೂಲಿಯಾಳುಗಳ ಮಾನ ಕಾಯಲಿಕ್ಕಲ್ಲ. ಕಾಣದ ಕೇರಿಯಲ್ಲಿ ಮೇಸ್ತ್ರಿ ಮೋಸ ಮಾಡುವುದು ಸುಲಭ, ಚಳಿಗಾಲದ ರಾತ್ರಿ ಬೀದಿಯಲ್ಲಿ ಸತ್ತವನನ್ನು ಮರೆಯುವುದು ಇನ್ನೂ ಸುಲಭ. ಮಾನವ ಮಂದಿರದಲ್ಲಿ ನೋಡುಗನ ಸ್ಥಾನವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಒಳ್ಳೆಯ ನಡಿಗೆಯಲ್ಲಿ ಪ್ರಶ್ನೆಗೆ ಒಳಗಾಗುವವನು ನೋಡುಗನೇ. ಕಾಮಗಾಸಾಕಿಯ ನಡಿಗೆ ಆ 1903ರ ಜಾಗದಿಂದಲೇ ಹೊರಟು, ರೈಲು ಹಳಿಯ ಕೆಳಗಿನಿಂದ ಕೇರಿಯೊಳಕ್ಕೆ ಬರಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಎರಡನೆಯ ಆಕ್ಷೇಪಕ್ಕೆ ಉತ್ತರಿಸುವುದು ಇದಕ್ಕಿಂತ ಕಷ್ಟ. ನಡಿಗೆಗಳು ಕೇರಿಯ ಭಯವನ್ನು ಕಳೆಯುತ್ತವೆ. ಭಯ ಕಳೆದಲ್ಲಿಗೆ ಬಂಡವಾಳ ಬರುತ್ತದೆ, ಬಂಡವಾಳ ಬಂದಲ್ಲಿಂದ ಬಡವರು ಹೋಗಬೇಕಾಗುತ್ತದೆ. 2012ರಲ್ಲಿ ಓಸಾಕಾದ ಆಗಿನ ಮೇಯರ್ ಹಾಶಿಮೋಟೊ ತೋರು ಅವರು ನಿಶಿನಾರಿಯ ವಿಶೇಷ ವಲಯದ ಯೋಜನೆ ತಂದ ಮೇಲೆ ಇದು ಊಹೆಯ ಮಾತಾಗಿ ಉಳಿದಿಲ್ಲ. 2021ರಲ್ಲಿ ಶಿನ್-ಇಮಾಮಿಯಾದ ಹೆಸರು ಬೆಳಗಿಸಲು ಸರಕಾರಿ ಪ್ರಚಾರದ ಭಾಗವಾಗಿ ಬಂದ ಪ್ರಬಂಧವೊಂದು, ಮನೆಯಿಲ್ಲದ ಗಂಡಸಿನೊಡನೆ ಕಳೆದ ದಿನವನ್ನು ಸಿಹಿಯಾಗಿ ಬಣ್ಣಿಸಿ, ಬಡತನವನ್ನು ಉಣ್ಣುವ ಬರವಣಿಗೆಯೆಂಬ ತೀವ್ರ ಟೀಕೆಗೆ ಗುರಿಯಾಯಿತು. ಮರುವರ್ಷ ನಿಲ್ದಾಣದ ಉತ್ತರಕ್ಕೆ ಹೊಶಿನೊ ರೆಸಾರ್ಟ್ಸ್‌ನ ದೊಡ್ಡ ಹೋಟೆಲು ತೆರೆಯಿತು. ಹಲವು ದೋಯಾಗಳು ಅದಕ್ಕೂ ಮೊದಲೇ ಪ್ರವಾಸಿಗರ ಅಗ್ಗದ ಹೋಟೆಲುಗಳಾಗಿದ್ದವು. ಇದನ್ನೆಲ್ಲ ನಡಿಗೆಗಳೇ ತಂದವೆನ್ನುವುದು ಅತಿಯಾದೀತು. ಜಮೀನಿನ ಬೆಲೆ, ವಿಮಾನ ನಿಲ್ದಾಣದ ನೇರ ರೈಲು, ವಿದೇಶಿ ಪ್ರವಾಸಿಗಳ ಪ್ರವಾಹ, ಇವೇ ದೊಡ್ಡ ಕಾರಣಗಳು. ಆದರೂ ಒಂದು ಬಗೆಯ ನಡಿಗೆ ಈ ಕೆಲಸಕ್ಕೆ ಕೈಜೋಡಿಸುತ್ತದೆ: ಇಲ್ಲಿಯ ಜನ ಬಡವರಾದರೂ ಹೃದಯವಂತರು ಎಂದು ಹೇಳಿ ಮುಗಿಸುವ ನಡಿಗೆ. ಅಪಾಯದ ಕತೆಗಿಂತ ಈ ಅಕ್ಕರೆಯ ಕತೆಯೇ ನನ್ನನ್ನು ಹೆಚ್ಚು ಕಾಡುತ್ತದೆ. ಅದು ಎಲ್ಲರಿಗೂ ಹಿತ. ನೋಡುಗ ಹಗುರವಾಗಿ ಮನೆಗೆ ಹೋಗುತ್ತಾನೆ, ಪ್ರಚಾರ ಮಾಡುವವರಿಗೆ ಘೋಷವಾಕ್ಯ ಸಿಗುತ್ತದೆ, ಕೂಲಿ ಕದ್ದ ಮೇಸ್ತ್ರಿಯ ಹೆಸರು ಎಲ್ಲೂ ಬರುವುದಿಲ್ಲ.

ಕೇರಿಯ ಕಲಾಸಂಸ್ಥೆ ಕೊಕೊರೂಮನ್ನು ಈ ಬೆಳಕಿನಲ್ಲಿಯೇ ತೂಗಬೇಕು. ಕವಯಿತ್ರಿ ಉಎದಾ ಕನಾಯೊ ಅವರು ನಡೆಸುವ ಈ ಸಂಸ್ಥೆ 2012ರಿಂದ ಕಾಮಗಾಸಾಕಿ ಕಲಾ ವಿಶ್ವವಿದ್ಯಾಲಯವೆಂಬ ಹೆಸರಿನಲ್ಲಿ ಕವಿತೆ, ಖಗೋಳ, ಗಾಯನ ಎಲ್ಲವನ್ನೂ ಕೇರಿಯವರೊಡನೆ ಕಲಿಯುತ್ತ ಕಲಿಸುತ್ತ ಬಂದಿದೆ. 2016ರಿಂದ ಅತಿಥಿಗೃಹವನ್ನೂ ನಡೆಸುತ್ತಿದೆ. ಅತಿಥಿಗೃಹ ಮತ್ತು ನಡಿಗೆಯ ನಂಟಿನಿಂದ ಇದೂ ಪ್ರವಾಸೋದ್ಯಮದ ಬೆನ್ನೇರಿದೆಯೆಂದು ಟೀಕಿಸಬಹುದು. ಸಿಹಿ ಕತೆಯ ಅಪಾಯ ಇಲ್ಲಿಯೂ ಇಲ್ಲದಿಲ್ಲ. ಆದರೆ ಒಂದು ವ್ಯತ್ಯಾಸ ನನಗೆ ನಿರ್ಣಾಯಕವಾಗಿ ಕಾಣುತ್ತದೆ. ಹೊರಗಿನವನು ಇಲ್ಲಿ ಕೇರಿಯವರೊಡನೆ ಒಂದೇ ಚಾಪೆಯ ಮೇಲೆ ಕೂತು ಕವಿತೆ ಬರೆಯಬೇಕಾಗುತ್ತದೆ, ತನ್ನ ಬದುಕಿನ ಬಗ್ಗೆ ಕೇಳುವ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಎರಡು ಗಂಟೆಯಲ್ಲಿ ಮುಗಿದುಹೋಗುವ ನಡಿಗೆ ಇದನ್ನು ಮಾಡಲಾರದು. ನೋಡಿದವನು ನೋಡಿಸಿಕೊಳ್ಳಲೂ ಬೇಕಾಗುವ ಹಾಗೆ ಏರ್ಪಾಡು ಮಾಡುವುದು ಗೈಡ್‌ನ ಜಾಣ್ಮೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಪರೀಕ್ಷೆಯ ಜಾಗವಿದೆ. ಮೇಲೆ ಆಸ್ಪತ್ರೆ ಮತ್ತು ನಗರಪಾಲಿಕೆಯ ವಸತಿ, ಕೆಳಗೆ ಕೂಲಿಯ ವಿಶಾಲ ಪಡಸಾಲೆ ಇದ್ದ ಐರಿನ್ ಕೇಂದ್ರದ ಬಾಗಿಲುಗಳನ್ನು 2019ರ ಏಪ್ರಿಲಿನಲ್ಲಿ ಪ್ರತಿಭಟನೆಯ ನಡುವೆ ಎಳೆಯಲಾಯಿತು. ಭೂಕಂಪಕ್ಕೆ ಕಟ್ಟಡ ತಡೆಯದು ಎಂಬುದು ಅಧಿಕಾರಿಗಳ ಕಾರಣ, ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಮಳೆಗೆ ಆಸರೆ, ಶೌಚಾಲಯ, ನೀರು, ಹಗಲು ಮಲಗಲು ತಂಪು ನೆಲ ಎಲ್ಲವೂ ಆ ಪಡಸಾಲೆಯಲ್ಲಿ ಸಿಗುತ್ತಿತ್ತು. ಮುಚ್ಚಿದ ಬಾಗಿಲ ಹೊರಗೆ ಉಳಿದುಕೊಂಡವರನ್ನು ನ್ಯಾಯಾಲಯದ ಆದೇಶದ ಮೇಲೆ 2024ರ ಡಿಸೆಂಬರಿನಲ್ಲಿ ಎಬ್ಬಿಸಲಾಯಿತು. ನಾಲ್ಕು ತಿಂಗಳ ನಂತರ ಅದೇ ನಗರದಲ್ಲಿ ಇನ್ನೊಂದು ವಿಶ್ವ ಮೇಳ ಬಾಗಿಲು ತೆರೆಯಿತು. ಆ ಕೇಂದ್ರದ ಜಾಗದ ಮುಂದೆ ನಿಲ್ಲದೆ, ಅಥವಾ ನಿಂತರೂ ಈ ತಾರೀಖುಗಳನ್ನು ಒಟ್ಟಿಗೆ ಹೇಳದೆ ಮುಂದೆ ಸಾಗುವ ನಡಿಗೆಯನ್ನು ನಾನು ಸೋತ ನಡಿಗೆಯೆನ್ನುತ್ತೇನೆ, ಉಳಿದ ಭಾಗ ಎಷ್ಟೇ ಚೆನ್ನಾಗಿರಲಿ.

ಕೊನೆಗೆ, ಹೇಳುವ ಬಾಯಿ ಯಾರದೆಂಬ ವಿಚಾರ. ಲಂಡನ್ನಿನಲ್ಲಿ 2010ರಿಂದ ಮನೆಯಿಲ್ಲದೆ ಬದುಕಿದವರೇ ಮಾರ್ಗದರ್ಶಿಗಳಾದ ನಡಿಗೆಗಳು ನಡೆಯುತ್ತಿವೆ. ಕಾಮಗಾಸಾಕಿಯ ಹಳೆಯ ಕೂಲಿಯಾಳನ್ನೂ ಹಾಗೆ ಮುಂದೆ ನಿಲ್ಲಿಸಿದರೆ ಅವನ ಬದುಕೇ ಪ್ರದರ್ಶನದ ವಸ್ತುವಾಗುತ್ತದೆ ಎಂದು ಹಿಂಜರಿಯುವವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಯಾವ ಓಣಿಗೆ ಹೋಗಬೇಕು, ಏನನ್ನು ಹೇಳಬಾರದು ಎಂದು ತೀರ್ಮಾನಿಸುವ ಅಧಿಕಾರ ಅವನದಾದರೆ, ಅದಕ್ಕೆ ದಾನವಲ್ಲದ ಕೂಲಿ ಸಿಕ್ಕರೆ, ಆ ಆತಂಕದ ಬಹುಪಾಲು ಕರಗುತ್ತದೆ. ಕೇರಿಯಲ್ಲಿ ಇದಕ್ಕೆ ಮಾದರಿಯೂ ಇದೆ. ಕೆಲಸ ಸಿಗದ ವಯಸ್ಸಾದ ಕಾರ್ಮಿಕರಿಗೆ ಬೀದಿ ಗುಡಿಸುವ ಸರಕಾರಿ ಕೆಲಸವನ್ನು ಸರದಿಯಲ್ಲಿ ಹಂಚುವ ವ್ಯವಸ್ಥೆ ವರ್ಷಗಳಿಂದ ನಡೆಯುತ್ತಿದೆ. ನಡಿಗೆಯ ಮಾರ್ಗದರ್ಶನವನ್ನೂ ಅದೇ ಸರದಿಗೆ ಸೇರಿಸಿ, ಬೆಳಗಿನ ಜಾವದ ನಡಿಗೆಗೆ ಬರಲು ಒಪ್ಪಿದ ಚಿಕ್ಕ ಗುಂಪುಗಳಿಗೆ ಮಾತ್ರ ಕೊಡುವುದು ಆಗದ ಕೆಲಸವೇನಲ್ಲ. ನಡಿಗೆ ನಡೆಸುವ ಸಂಘಟನೆಗಳು ಮೊದಲು ಕೈಹಾಕಬೇಕಾದದ್ದು ಇದಕ್ಕೆ.