ಕೂದಲು ಹೋದ ಮೇಲೆ ಶುರುವಾಗುವ ಸಿನಿಮಾ

ನಮ್ಮ ಗಲಗಲಿ ಕಡೆಯ ಹಳ್ಳಿಗಳಲ್ಲಿ ಹಿರಿಯರ ತಲೆಗೆ ರುಮಾಲೋ ಟೋಪಿಯೋ ಇದ್ದೇ ಇರುತ್ತಿತ್ತು. ಯಾರ ಕೂದಲು ಎಷ್ಟು ಉಳಿದಿದೆ ಎಂಬ ಮಾತು ಮನೆಯಾಚೆ ಬರುತ್ತಿರಲಿಲ್ಲ. ಇಂದಿನ ಹುಡುಗರಿಗೆ ಆ ಮರೆ ಇಲ್ಲ. ಕನ್ಯಾ ನೋಡಲು ಹೋಗುವ ಮುಂಚೆಯೇ ಮೊಬೈಲಿನಲ್ಲಿ ಫೋಟೊ ಹೋಗಿರುತ್ತದೆ. ಹಾಗಾಗಿ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ಚಿತ್ರ ಮಂಗಳೂರಿನದಾದರೂ ನಮಗೆ ದೂರದ್ದೆನಿಸುವುದಿಲ್ಲ.

ಕನ್ನಡ ಉಪನ್ಯಾಸಕ ಜನಾರ್ದನನಿಗೆ ತಲೆ ಬೋಳು, ಹೆಣ್ಣು ಸಿಗುತ್ತಿಲ್ಲ. ಆ ಪಾತ್ರವನ್ನು ಶೆಟ್ಟಿಯವರು ತಾವೇ ಮಾಡಿದರು. ಚಿತ್ರದ ಅರ್ಧ ಬಲ ಅಲ್ಲಿದೆ. ಉಳಿದರ್ಧ ಸರಳಾ ಬಂದ ಮೇಲಿನದು. ರೂಪದ ಕಾರಣಕ್ಕೆ ಬೇಡವಾದವನು ದಪ್ಪಗಿರುವ ಈ ಹುಡುಗಿಯನ್ನು ಅದೇ ತಕ್ಕಡಿಯಲ್ಲಿ ತೂಗುತ್ತಾನೆ. ನಮ್ಮ ಮರುಕ ಗಳಿಸಿದ ನಾಯಕನನ್ನೇ ತಪ್ಪಿತಸ್ಥನಾಗಿ ನಿಲ್ಲಿಸಲು ಎದೆಗಾರಿಕೆ ಬೇಕು. ಜನಾರ್ದನ ರಾಜ್‌ಕುಮಾರ್ ಅಭಿಮಾನಿ. ಅವನ ಪ್ರೇಮದ ಕನಸುಗಳೆಲ್ಲ ರಾಜ್‌ಕುಮಾರ್ ಹಾಡುಗಳಿಂದ ಬಂದವು. ವಯಸ್ಸಾದ ರಾಜ್‌ಕುಮಾರ್ ತೆರೆಯ ಹೊರಗೆ ಕೂದಲು ಉದುರಿದ ತಲೆಯಲ್ಲೇ, ಬಿಳಿ ಪಂಚೆಯುಟ್ಟು ಜನರ ನಡುವೆ ಬರುತ್ತಿದ್ದರು. ಕನ್ನಡಿಗರ ಪ್ರೀತಿ ಅದರಿಂದ ಕಡಿಮೆಯಾಗಲಿಲ್ಲ.

2019ರಲ್ಲಿ ಈ ಚಿತ್ರ ರೀಮೇಕ್ ಆಗಿ ಹಿಂದಿ, ಮಲಯಾಳಂಗಳಿಗೂ ಹೋಯಿತು.

ನನ್ನ ತಕರಾರು ಒಂದೇ. ಕತೆ ಶುರುವಾಗುವ ಹೊತ್ತಿಗೆ ಜನಾರ್ದನನ ಕೂದಲು ಹೋಗಿ ಆಗಿದೆ. ನಿಜವಾದ ಸಂಕಟ ಅದಕ್ಕೂ ಮುಂಚಿನದು: ಇಪ್ಪತ್ತರ ಆಸುಪಾಸು, ಹಣೆಯ ಒಂದು ಮೂಲೆ ಇನ್ನೊಂದಕ್ಕಿಂತ ಹೆಚ್ಚು ಹಿಂದೆ ಸರಿದಿದೆ, ಬೈತಲೆ ಬದಲಿಸಿದರೂ ಮುಚ್ಚುತ್ತಿಲ್ಲ. ಹುಡುಗ ಬೋರಿನ ನೀರನ್ನು ಬೈಯುತ್ತಾನೆ, ಎಣ್ಣೆ ಬದಲಿಸುತ್ತಾನೆ. ಕಾರಣ ನೀರಿನಲ್ಲಿಲ್ಲ. ಟೆಸ್ಟೊಸ್ಟೆರಾನ್‌ನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನಿಗೆ ಕೆಲವರ ಕೂದಲ ಬುಡ ಹುಟ್ಟಿನಿಂದಲೇ ಸೂಕ್ಷ್ಮವಾಗಿರುತ್ತದೆ. ಬುಡ ಕುಗ್ಗುತ್ತಾ ಕೂದಲು ಎಳೆಎಳೆಯಾಗಿ ತೆಳ್ಳಗಾಗುತ್ತದೆ. ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಇದು ಬರಬಹುದು. ಇದಕ್ಕೆ ಕೊಡುವ ಔಷಧಗಳಾದ ಮಿನಾಕ್ಸಿಡಿಲ್ ಆಗಲಿ, ಫಿನಾಸ್ಟರೈಡ್ ಆಗಲಿ ಇದ್ದುದನ್ನು ಉಳಿಸುವುದರಲ್ಲಿ ಗಟ್ಟಿ, ಹೋದುದನ್ನು ತರುವುದರಲ್ಲಿ ಅಷ್ಟಿಲ್ಲ. ಬಿಟ್ಟರೆ ಉದುರುವುದು ಮತ್ತೆ ಶುರು. ಆದ್ದರಿಂದ ಚರ್ಮದ ಡಾಕ್ಟರ ಹತ್ತಿರ ಹೋಗಬೇಕಾದದ್ದು ಈ ಮೊದಲ ವರ್ಷಗಳಲ್ಲೇ. ಹುಡುಗರು ನಾಚಿಕೆಯಿಂದ ಮಾತೇ ಎತ್ತದ ವರ್ಷಗಳೂ ಅವೇ.

ಪೂರ್ತಿ ಬೋಳಾದವನನ್ನು ನೋಡುವಾಗ ಪ್ರೇಕ್ಷಕ ಸುರಕ್ಷಿತ. ಅದು ಬೇರೆಯವನ ಪಾಡು. ಒಂದು ಮೂಲೆ ಮಾತ್ರ ಸರಿದವನನ್ನು ತೋರಿಸಿದ್ದರೆ ಟಾಕೀಸಿನಲ್ಲಿ ಎಷ್ಟೋ ಕೈಗಳು ತಮ್ಮ ಹಣೆಗೆ ಹೋಗುತ್ತಿದ್ದವು. ಜನಾರ್ದನನ ಇಪ್ಪತ್ತನೆಯ ವರ್ಷವನ್ನು ಯಾರಾದರೂ ಸಿನಿಮಾ ಮಾಡಬೇಕು. ಶೆಟ್ಟಿಯವರೇ ಮಾಡಿದರೆ ಇನ್ನೂ ಚಲೋ.